ನಿಮ್ಮ ಡಿಗ್ರಿಯನ್ನು ಅಲ್ಲಿ ನೋಡುವವರು ಯಾರು?

"ಸರ್, ನಮ್ಮ ಡಿಗ್ರಿ ಜರ್ಮನಿಯಲ್ಲಿ ನಡೆಯುತ್ತಾ?" ವಿದೇಶಕ್ಕೆ ಹೊರಟವರ ಕಾಗದಪತ್ರ ನೋಡುವುದು ನನ್ನ ಕೆಲಸ. ದಿನಾ ಕೇಳುವ ಪ್ರಶ್ನೆ ಇದು. ನಾನು ತಿರುಗಿ ಕೇಳುವುದು ಇಷ್ಟೇ: ಓದೋಕಾ, ಕೆಲಸಕ್ಕಾ? ಕೆಲಸ ಅಂದ್ರೆ ಯಾವ ಕೆಲಸ?

ಮಾನ್ಯತೆ ಅಂದರೆ ಒಂದು ಕಚೇರಿಗೆ ಹೋಗಿ ಹಾಕಿಸಿಕೊಂಡು ಬರುವ ಸೀಲು ಅಂತ ತುಂಬಾ ಜನ ತಿಳಿದಿರುತ್ತಾರೆ. ಅಂಥ ಸೀಲು ಇಲ್ಲ. ಮಾಸ್ಟರ್ಸ್‌ಗೆ ಸೇರಿಸಿಕೊಳ್ಳಬೇಕೋ ಬೇಡವೋ ಅನ್ನುವುದನ್ನು ಅಲ್ಲಿನ ವಿಶ್ವವಿದ್ಯಾಲಯ ತೀರ್ಮಾನಿಸುತ್ತದೆ. ವೀಸಾ ಕೊಡುವವರು ಬೇರೆ. ನರ್ಸ್ ಆಗಿ ದುಡಿಯಲು ಪರವಾನಗಿ ಕೊಡುವವರು ಇನ್ನೂ ಬೇರೆ. ಒಬ್ಬರು ಒಪ್ಪಿದರು ಅಂತ ಇನ್ನೊಬ್ಬರು ಒಪ್ಪಲೇಬೇಕು ಅಂತಿಲ್ಲ.

ಎಂಜಿನಿಯರ್‌ಗಳ ವಿಷಯ ಹೋಲಿಸಿ ನೋಡಿದರೆ ಸುಲಭ. ಜರ್ಮನಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಲು ಪರವಾನಗಿ ಬೇಕಿಲ್ಲ. ಆದರೆ ಡಿಗ್ರಿ ಆಧಾರದ ಮೇಲೆ ಬ್ಲೂ ಕಾರ್ಡ್, ಅಂದರೆ ನುರಿತ ಕೆಲಸಗಾರರು ಅಲ್ಲಿದ್ದು ದುಡಿಯಲು ಕೊಡುವ ಅನುಮತಿ ಕೇಳುವುದಾದರೆ, ಆ ಡಿಗ್ರಿ ಜರ್ಮನ್ ಪದವಿಗೆ ಸಮ ಅಂತ ತೋರಿಸಬೇಕು. ಅದಕ್ಕಾಗಿ 'ಅನಾಬಿನ್' ಅನ್ನುವ ಡೇಟಾಬೇಸ್ ಇದೆ. ಅಲ್ಲಿ ಎರಡು ವಿಷಯ ನೋಡಬೇಕು. ವಿಶ್ವವಿದ್ಯಾಲಯದ ಮುಂದೆ 'ಎಚ್ ಪ್ಲಸ್' ಅಂತ, ಅಂದರೆ ಮಾನ್ಯ ಸಂಸ್ಥೆ ಅಂತ ಇರಬೇಕು. ಪದವಿಯೂ ಜರ್ಮನ್ ಪದವಿಗೆ ಸಮ ಅಂತ ಪಟ್ಟಿಯಲ್ಲಿರಬೇಕು. ಎರಡೂ ಇದ್ದರೆ ಆ ಪುಟಗಳ ಪ್ರಿಂಟ್ ಸಾಕು. ಒಂದು ಇಲ್ಲದಿದ್ದರೂ ಬಾನ್‌ನಲ್ಲಿರುವ ಝಡ್‌ಎಬಿ ಅನ್ನುವ ಸಂಸ್ಥೆಯಿಂದ ಹೋಲಿಕೆ ಪತ್ರ ತರಿಸಬೇಕು. ಅದರ ಶುಲ್ಕ 208 ಯೂರೋ.

ಇಲ್ಲಿ ನಮ್ಮವರು ಎಡವುವುದು ಒಂದೇ ಕಡೆ. ಕಾಲೇಜಿನ ಹೆಸರು ಹಾಕಿ ಹುಡುಕುತ್ತಾರೆ, ಸಿಗುವುದಿಲ್ಲ, ಗಾಬರಿ ಬೀಳುತ್ತಾರೆ. ಡಿಗ್ರಿ ಕೊಟ್ಟಿದ್ದು ಕಾಲೇಜಲ್ಲ, ವಿಟಿಯು. ಹುಡುಕಬೇಕಾದ್ದು ಅದನ್ನು. 1998ರಲ್ಲಿ ವಿಟಿಯು ಶುರುವಾಗುವ ಮೊದಲು ಎಂಜಿನಿಯರಿಂಗ್ ಮುಗಿಸಿದವರು ತಮ್ಮ ಸರ್ಟಿಫಿಕೇಟ್ ತೆಗೆದು ನೋಡಲಿ. ಅಲ್ಲಿ ಬೆಂಗಳೂರು ವಿವಿ, ಮೈಸೂರು ವಿವಿ ಅಂತ ಇರಬಹುದು. ಓದಿದ್ದು ಅದೇ ಕಟ್ಟಡ ಆಗಿರಬಹುದು, ಲೆಕ್ಕಕ್ಕೆ ಬರುವುದು ಸರ್ಟಿಫಿಕೇಟಿನ ನೆತ್ತಿಯ ಮೇಲಿನ ಹೆಸರು.

ಐಟಿಯವರಿಗೆ ಮಾತ್ರ ಇನ್ನೊಂದು ದಾರಿ ತೆರೆದಿದೆ. 2023ರ ನವೆಂಬರ್‌ನಿಂದ, ಹಿಂದಿನ ಏಳು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷದ ಸೂಕ್ತ ಅನುಭವ ಇದ್ದರೆ ಡಿಗ್ರಿ ಇಲ್ಲದೆಯೂ ಬ್ಲೂ ಕಾರ್ಡ್‌ಗೆ ಅರ್ಜಿ ಹಾಕಬಹುದು.

ಜರ್ಮನಿಗೆ ಓದಲು ಹೋಗುವವರಿಗೆ ಎಪಿಎಸ್ ಸರ್ಟಿಫಿಕೇಟ್ ಬೇಕು, ಅಂದರೆ ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಪತ್ರ. 2022ರ ನವೆಂಬರ್‌ನಿಂದ ಅದು ಕಡ್ಡಾಯ, ಶುಲ್ಕ 18,000 ರೂಪಾಯಿ. ಎಪಿಎಸ್ ಸಿಕ್ಕಿತು ಅಂದರೆ ಸೀಟು ಸಿಕ್ಕಿತು ಅಂತ ಹಲವರು ಖುಷಿಪಡುತ್ತಾರೆ. ಅದು ಹೇಳುವುದು ನಿಮ್ಮ ಮಾರ್ಕ್ಸ್ ಕಾರ್ಡ್ ಅಸಲಿ ಅಂತ ಮಾತ್ರ. ಸೀಟಿಗೆ ಬೇಕಾದ್ದು ಗ್ರೇಡ್.

ಆ ಗ್ರೇಡಿನ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಅಂದರೆ ಜಸ್ಟ್ ಪಾಸ್. ನಮ್ಮ ಅಂಕವನ್ನು ಅದಕ್ಕೆ ತಿರುಗಿಸಲು ಬವೇರಿಯನ್ ಸೂತ್ರ ಅಂತ ಒಂದಿದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು ಗರಿಷ್ಠ ಅಂಕಕ್ಕೂ ಪಾಸ್ ಅಂಕಕ್ಕೂ ಇರುವ ಅಂತರದಿಂದ ಭಾಗಿಸಿ. ಮೂರರಿಂದ ಗುಣಿಸಿ, ಒಂದು ಕೂಡಿಸಿ. ನಿಮ್ಮ ಸಿಜಿಪಿಎ 8, ಗರಿಷ್ಠ 10, ಪಾಸ್ 4 ಅಂದುಕೊಳ್ಳಿ. ಗ್ರೇಡ್ 2.0 ಬರುತ್ತದೆ. ಅದೇ ಪಾಸ್ ಅಂಕ 5 ಅಂತ ಹಿಡಿದರೆ 2.2 ಆಗುತ್ತದೆ. ಪಾಸ್ ಅಂಕ ಒಂದು ಬದಲಾದರೆ ಇಷ್ಟು ವ್ಯತ್ಯಾಸ. 2.0ಕ್ಕಿಂತ ಮೇಲಿನವರಿಗೆ ಪ್ರವೇಶ ಇಲ್ಲ ಅನ್ನುವ ಕೋರ್ಸ್ ಆದರೆ ಅಲ್ಲಿಗೆ ಕಥೆ ಮುಗಿಯಿತು. ಆದ್ದರಿಂದ ಪಾಸ್ ಅಂಕ ಎಷ್ಟು ಅಂತ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಸ್ಪಷ್ಟವಾಗಿ ಮುದ್ರಿಸಿದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ವಿಶ್ವವಿದ್ಯಾಲಯದಿಂದಲೇ ಪತ್ರ ಪಡೆಯಿರಿ.

ಇನ್ನು ನರ್ಸ್‌ಗಳು. ನನಗೆ ಜಾಸ್ತಿ ಕಳವಳ ಇರುವುದು ಇವರ ಬಗ್ಗೆ. ಮಂಗಳೂರು, ಬೆಂಗಳೂರಿನ ಕಾಲೇಜುಗಳಲ್ಲಿ ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿದವರು, ಐಸಿಯುನಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವರು. ಜರ್ಮನಿಯಿಂದ ಬರುವ ಪತ್ರದಲ್ಲಿ "ನಿಮ್ಮ ತರಬೇತಿಯಲ್ಲಿ ಕೊರತೆಗಳಿವೆ" ಅಂತ ಓದಿದಾಗ ಅವರಿಗೆ ಅವಮಾನ ಆಗುತ್ತದೆ. "ಅಲ್ಲಿಯವರದು ಮೂರು ವರ್ಷದ ತರಬೇತಿ, ನಮ್ಮದು ನಾಲ್ಕು ವರ್ಷದ ಡಿಗ್ರಿ. ನಮ್ಮದು ಕಡಿಮೆ ಹೇಗೆ ಅಂತ ಕೇಳಿ ಸರ್ ಅವರನ್ನ," ಅಂತ ಒಬ್ಬರು ಕಣ್ಣೀರು ಹಾಕಿಕೊಂಡೇ ಹೇಳಿದ್ದರು.

ಕಡಿಮೆ ಅಂತ ಅಲ್ಲ, ಬೇರೆ ಅಂತ. ಜರ್ಮನಿಯಲ್ಲಿ ನರ್ಸಿಂಗ್ ಕಾನೂನಿನ ಹತೋಟಿಯಲ್ಲಿರುವ ವೃತ್ತಿ. ಅಲ್ಲಿನ ಆಯಾ ರಾಜ್ಯದ ಕಚೇರಿ ನಿಮ್ಮ ಪಠ್ಯವನ್ನು ತಮ್ಮ ಪಠ್ಯದ ಪಕ್ಕ ಇಟ್ಟು ನೋಡುತ್ತದೆ. 2020ರಿಂದ ಜಾರಿಯಲ್ಲಿರುವ ಕಾನೂನು ಸಾಮಾನ್ಯ ನರ್ಸಿಂಗ್, ಮಕ್ಕಳ ಆರೈಕೆ, ವೃದ್ಧರ ಆರೈಕೆ ಮೂರನ್ನೂ ಒಂದೇ ತರಬೇತಿಗೆ ತಂದಿದೆ. 2,100 ಗಂಟೆ ಪಾಠ, 2,500 ಗಂಟೆ ಪ್ರಾಯೋಗಿಕ ಕೆಲಸ. ನಮ್ಮಲ್ಲಿ ಸೂಲಗಿತ್ತಿ ಕೆಲಸ ನರ್ಸಿಂಗ್ ಪಠ್ಯದ ಒಳಗೇ ಇದೆ. ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಕೋರ್ಸಿನ ಹೆಸರಲ್ಲಿ ಕೊನೆಯ ಅಕ್ಷರವೇ ಅದು. ಅಲ್ಲಿ ಅದು ಬೇರೆಯೇ ವೃತ್ತಿ. ಹೆರಿಗೆ ಕೋಣೆಯಲ್ಲಿ ನೀವು ಬೆವರು ಸುರಿಸಿದ ಗಂಟೆಗಳು ವೃದ್ಧರ ಆರೈಕೆಯ ಗಂಟೆಗಳನ್ನು ತುಂಬುವುದಿಲ್ಲ.

ಕೊರತೆ ಬಂದರೆ ಎರಡು ದಾರಿ: ಅಲ್ಲಿನ ಆಸ್ಪತ್ರೆಯಲ್ಲಿ ಹೊಂದಾಣಿಕೆ ತರಬೇತಿ, ಇಲ್ಲವೇ ಪರೀಕ್ಷೆ. ಜೊತೆಗೆ ಜರ್ಮನ್ ಭಾಷೆ, ಸಾಮಾನ್ಯವಾಗಿ ಬಿ2 ಮಟ್ಟದ್ದು (ಆರು ಹಂತಗಳಲ್ಲಿ ನಾಲ್ಕನೆಯದು). ಅದು ಮುಗಿಯುವವರೆಗೆ ಸಹಾಯಕಿಯ ಕೆಲಸ, ಸಹಾಯಕಿಯ ಸಂಬಳ. ಏಜೆಂಟರು ಈ ಮಾತನ್ನು ಕಡೆಯವರೆಗೂ ಬಾಯಿಬಿಡುವುದಿಲ್ಲ. ಸಾಲ ಮಾಡಿ ಹೋಗುವ ಹುಡುಗಿಯರಿಗೆ ಇದು ಮೊದಲ ದಿನವೇ ಗೊತ್ತಿರಬೇಕು.

ಆದರೆ ಕೊರತೆಯನ್ನು ಇಲ್ಲಿಂದಲೇ ಕಡಿಮೆ ಮಾಡಿಕೊಳ್ಳಬಹುದು. ಕೆಲಸದ ಅನುಭವವನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ತೊಂದರೆ ಏನೆಂದರೆ ನಮ್ಮ ಆಸ್ಪತ್ರೆಗಳು ಕೊಡುವ ಅನುಭವ ಪತ್ರ ಮೂರೇ ಸಾಲು: ಈ ದಿನದಿಂದ ಈ ದಿನದವರೆಗೆ ಸ್ಟಾಫ್ ನರ್ಸ್, ನಡತೆ ಚೆನ್ನಾಗಿದೆ, ಒಳ್ಳೆಯದಾಗಲಿ. ಇದರಿಂದ ಅಲ್ಲಿನವರಿಗೆ ಏನೂ ತಿಳಿಯುವುದಿಲ್ಲ. ಯಾವ ವಾರ್ಡ್, ಎಷ್ಟು ತಿಂಗಳು, ವಾರಕ್ಕೆ ಎಷ್ಟು ಗಂಟೆ, ಯಾವ ಬಗೆಯ ರೋಗಿಗಳು, ಏನೇನು ಆರೈಕೆ ಮಾಡುತ್ತಿದ್ದಿರಿ, ಇಷ್ಟೂ ಬೇಕು. ಕೆಲಸ ಬಿಡುವ ಮೊದಲೇ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಕೂತು ಬರೆಸಿಕೊಳ್ಳಿ. ಬಿಟ್ಟ ಮೇಲೆ ಯಾರೂ ಫೋನ್ ಎತ್ತುವುದಿಲ್ಲ.

ಹೆಸರಿನ ಗೋಜಲು ನಮ್ಮವರದ್ದೇ ವಿಶೇಷ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ 'ಕೆ. ಎಸ್. ಮಂಜುಳಾ', ಡಿಗ್ರಿಯಲ್ಲಿ 'ಮಂಜುಳಾ ಕೆ. ಎಸ್.', ಪಾಸ್‌ಪೋರ್ಟಿನಲ್ಲಿ ಊರು, ತಂದೆ ಹೆಸರೆಲ್ಲ ಬಿಡಿಸಿ ಬರೆದ ಉದ್ದ ಹೆಸರು. ನಮಗೆ ಮೂರೂ ಒಬ್ಬಳೇ. ಅಲ್ಲಿ ಕಡತ ನೋಡುವವರಿಗೆ ಮೂವರು. ಅಫಿಡವಿಟ್ ಮಾಡಿಸಬಹುದು, ಆದರೆ ವಿಶ್ವವಿದ್ಯಾಲಯದಲ್ಲಿ ತಿದ್ದುಪಡಿಗೆ ಅವಕಾಶ ಇದ್ದರೆ ಅದೇ ಗಟ್ಟಿ.

ಅಮೆರಿಕದ ಕಥೆ ಬೇರೆ. ಅಲ್ಲಿ ವಿದೇಶಿ ಡಿಗ್ರಿಗೆ ಮಾನ್ಯತೆ ಕೊಡುವ ಸರ್ಕಾರಿ ಸಂಸ್ಥೆಯೇ ಇಲ್ಲ. ಅಲ್ಲಿನ ಪದವಿ ನಾಲ್ಕು ವರ್ಷದ್ದಾದ್ದರಿಂದ ನಮ್ಮ ಮೂರು ವರ್ಷದ ಬಿಎ, ಬಿಕಾಂಗೆ ಒಂದೊಂದು ವಿಶ್ವವಿದ್ಯಾಲಯ ಒಂದೊಂದು ಥರ ಹೇಳುತ್ತದೆ. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024-25ರಿಂದ ಮತ್ತೆ ಮೂರು ವರ್ಷ ಆಯಿತು. ಈ ಬ್ಯಾಚುಗಳ ಮಕ್ಕಳು ಅಮೆರಿಕದ ಯೋಚನೆ ಇದ್ದರೆ ಎರಡನೇ ವರ್ಷದಲ್ಲೇ ಆಯಾ ವಿಶ್ವವಿದ್ಯಾಲಯಕ್ಕೆ ಇಮೇಲ್ ಬರೆದು ಕೇಳುವುದು ಒಳ್ಳೆಯದು.

ಹೊರಗೆ ಓದಿ ವಾಪಸ್ ಬರುವವರಿಗೂ ನಿಯಮ ಬದಲಾಗಿದೆ. ಬ್ರಿಟನ್ನಿನ ಒಂದು ವರ್ಷದ ಮಾಸ್ಟರ್ಸ್ ಇಲ್ಲಿ ನಡೆಯದೆ ಎಷ್ಟೋ ಜನ ಒದ್ದಾಡಿದ್ದರು. 2022ರ ಜುಲೈನಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡ ಮೇಲೆ ಆ ದಾರಿ ಸಲೀಸಾಯಿತು. ವಿದೇಶಿ ಡಿಗ್ರಿ ನಮ್ಮ ಡಿಗ್ರಿಗೆ ಸಮ ಅಂತ ಒಪ್ಪುವುದಕ್ಕೆ 2025ರ ಏಪ್ರಿಲ್‌ನಲ್ಲಿ ಯುಜಿಸಿ ಹೊಸ ನಿಯಮ ತಂದಿದೆ. ಆದರೆ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು, ಆರ್ಕಿಟೆಕ್ಚರ್ ಇದರೊಳಗೆ ಬರುವುದಿಲ್ಲ. ಅವಕ್ಕೆ ಆಯಾ ಮಂಡಳಿಗಳೇ ಗತಿ. ಫ್ರಾಂಚೈಸಿ ವ್ಯವಸ್ಥೆಯಲ್ಲಿ (ಪಾಠ ಬೇರೊಂದು ಸಂಸ್ಥೆಯದು, ಡಿಗ್ರಿಯ ಹೆಸರು ವಿದೇಶಿ ವಿಶ್ವವಿದ್ಯಾಲಯದ್ದು) ಕೊಟ್ಟ ವಿದೇಶಿ ಡಿಗ್ರಿಗೆ ಮಾನ್ಯತೆ ಇಲ್ಲ ಅಂತಲೂ ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. "ಇಲ್ಲೇ ಓದಿ, ವಿದೇಶಿ ಡಿಗ್ರಿ ಪಡೆಯಿರಿ" ಅನ್ನುವ ಜಾಹೀರಾತು ನೋಡಿ ಫೀಸು ಕಟ್ಟುವ ಮೊದಲು ಮೂರು ವಿಷಯ ಬರವಣಿಗೆಯಲ್ಲಿ ಕೇಳಿ ಪಡೆಯಿರಿ: ಪಾಠ ಮಾಡುವವರು ಯಾರು, ಡಿಗ್ರಿ ಕೊಡುವವರು ಯಾರು, ಅವರಿಬ್ಬರ ನಡುವಿನ ಒಪ್ಪಂದ ಯಾವ ಬಗೆಯದು. ಬರೆದು ಕೊಡಲು ಹಿಂದೇಟು ಹಾಕಿದರೆ ಫೀಸು ಕಟ್ಟಬೇಡಿ.