ಸಾವಯವ ಬಾಳೆಗೂ ಕಪ್ಪು ಕಲೆ ಬೀಳುತ್ತದೆ

ಸಾಗರ, ಸೊರಬ, ತೀರ್ಥಹಳ್ಳಿಯ ಯಾವ ಸಂತೆಗೆ ಹೋದರೂ ಈಗ ಈ ಮಾತು ಕಿವಿಗೆ ಬೀಳುತ್ತದೆ: "ಇದು ಕೊಟ್ಟಿಗೆ ಗೊಬ್ಬರದ ಬಾಳೆ, ವಾರ ಇಟ್ರೂ ಕೊಳೆಯಲ್ಲ. ಅದು ಯೂರಿಯಾದ್ದು, ಬರೀ ವಿಷ." ಮೊದಲರ್ಧದಲ್ಲಿ ಕೊಂಚ ಹುರುಳಿದೆ. ಎರಡನೆಯರ್ಧ ಮೂಢನಂಬಿಕೆ. ಯೂರಿಯಾ ಜೀವಿಗಳ ದೇಹದಲ್ಲಷ್ಟೇ ಹುಟ್ಟುವ ವಸ್ತು ಎಂದು ನಂಬಿದ್ದ ಕಾಲದಲ್ಲಿ, 1828ರಲ್ಲಿ, ಜರ್ಮನಿಯ ಫ್ರೀಡ್ರಿಶ್ ವ್ಯೋಲರ್ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿ ತೋರಿಸಿದ. ಗೋಮೂತ್ರದ ಯೂರಿಯಾ, ಚೀಲದ ಯೂರಿಯಾ ಎರಡರ ಅಣುವೂ ಒಂದೇ. ಬೇರಿಗೆ ಜಾತಿ ಗೊತ್ತಿಲ್ಲ. ಸಗಣಿಯ ಸಾರಜನಕವನ್ನೂ ಅದು ಹೆಚ್ಚಾಗಿ ನೈಟ್ರೇಟ್, ಅಮೋನಿಯಂ ರೂಪದಲ್ಲೇ ಹೀರುತ್ತದೆ.

ಹಾಗಾದರೆ ವ್ಯತ್ಯಾಸ ಎಲ್ಲಿ? ವೇಗದಲ್ಲಿ. 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕ. ಅಷ್ಟೇ ಸಾರಜನಕಕ್ಕೆ ಕೊಟ್ಟಿಗೆ ಗೊಬ್ಬರ ನಾಲ್ಕು ಟನ್ ಬೇಕು, ಅದರಲ್ಲೂ ಸೂಕ್ಷ್ಮಜೀವಿಗಳು ಕೊಳೆಸಿದಷ್ಟೇ ಗಿಡಕ್ಕೆ ದಕ್ಕುವುದು. ಯೂರಿಯಾ ಸುರಿದ ಗಿಡ ಒಮ್ಮೆಲೇ ಎಲೆ ಚಿಮ್ಮಿಸುತ್ತದೆ. ಹಣ್ಣಿನ ಗತಿ ಅಲ್ಲೇ ನಿರ್ಧಾರವಾಗುತ್ತದೆ, ಏಕೆಂದರೆ ಕ್ಯಾಲ್ಸಿಯಂ ನೀರಿನ ಜೊತೆಗೆ ಹೋಗುವ ಪ್ರಯಾಣಿಕ. ನೀರನ್ನು ಹೆಚ್ಚು ಆವಿ ಮಾಡುವುದು ಎಲೆ; ಹಾಗಾಗಿ ಕ್ಯಾಲ್ಸಿಯಂ ಕೂಡ ಎಲೆಗೇ ಹೋಗಿ ಕೂರುತ್ತದೆ, ಮತ್ತೆ ಕಾಯಿಯತ್ತ ಇಳಿದು ಬರುವುದು ಇಲ್ಲವೆನ್ನುವಷ್ಟು ಕಡಿಮೆ.

ಹಣ್ಣಿಗೆ ಕ್ಯಾಲ್ಸಿಯಂ ಏಕೆ ಬೇಕು? ನಮ್ಮ ಹಳೇ ಮನೆಗಳ ಜಂಬಿಟ್ಟಿಗೆ ಗೋಡೆ ನೋಡಿ. ಹಣ್ಣಿನ ಕೋಶಗಳು ಆ ಕಲ್ಲುಗಳಾದರೆ, ನಡುವಿನ ಗಾರೆ ಪೆಕ್ಟಿನ್. ಪೆಕ್ಟಿನ್ನಿನ ಉದ್ದನೆಯ ಎಳೆಗಳ ಮೇಲೆ ಋಣ ವಿದ್ಯುದಂಶಗಳಿವೆ. ಎರಡು ಧನ ಅಂಶಗಳಿರುವ ಕ್ಯಾಲ್ಸಿಯಂ ಅಯಾನು ಈಚಿನ ಎಳೆಗೊಂದು, ಆಚಿನದಕ್ಕೊಂದು ಕೈ ಕೊಟ್ಟು ಬಿಗಿಹಿಡಿಯುತ್ತದೆ. ಮಾಗುವಾಗ ಕಿಣ್ವಗಳು ಕರಗಿಸುವುದು ಈ ಗಾರೆಯನ್ನೇ. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಕರಗುವುದು ನಿಧಾನ, ಇಲ್ಲದಿದ್ದರೆ ಹಣ್ಣು ಬೇಗ ಮೆತ್ತಗಾಗಿ ಲಾರಿಯ ಕುಲುಕಾಟಕ್ಕೇ ಜಜ್ಜಿಹೋಗುತ್ತದೆ.

ಮಲೆನಾಡಿನ ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದು ಹುಳಿಮಣ್ಣು ಮಾಡಿಬಿಟ್ಟಿದೆ. ಸೊಪ್ಪು, ದರಗು, ಸಗಣಿ ಕೊಳೆತು ಆಗುವ ಹ್ಯೂಮಸ್ಸಿನ ಮೇಲೂ ಋಣ ವಿದ್ಯುದಂಶವಿದ್ದು, ಅದು ಕ್ಯಾಲ್ಸಿಯಮ್ಮನ್ನು ಕೊಚ್ಚಿಹೋಗದಂತೆ ಹಿಡಿದಿಡುತ್ತದೆ. ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು-ದರಗು ಕೊಡುವ ಕಾಡು, ಉಳಿಸಿಕೊಂಡವರ ತೋಟದ ನಿಜವಾದ ಲಾಭ ಇದು. ಆದರೆ ಹಿಡಿದಿಡಲು ಕ್ಯಾಲ್ಸಿಯಂ ಇರಬೇಕಲ್ಲ! ಕ್ಯಾಲ್ಸಿಯಂ ಕೊಡುವ ಸುಣ್ಣ ಹಾಕಲು "ಅದು ಕೆಮಿಕಲ್" ಎಂದು ಹಿಂಜರಿಯುವವರನ್ನು ಕಂಡರೆ ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತದೆ.

ಗೊಬ್ಬರಕ್ಕೂ ತನ್ನದೇ ಹಟವಿದೆ. ಬೇಸಿಗೆಯಲ್ಲಿ ಒಣಗಿದ ಮಣ್ಣಿಗೆ ಮೊದಲ ಅಡ್ಡಮಳೆ ಬಿದ್ದೊಡನೆ ಸೂಕ್ಷ್ಮಜೀವಿಗಳು ಚುರುಕಾಗಿ ಸಾರಜನಕ ಒಮ್ಮೆಲೇ ಬಿಡುಗಡೆಯಾಗುತ್ತದೆ. ಮಾವು ಬಲಿಯುವ ಹೊತ್ತೂ ಅದೇ. ಕೋಳಿಗೊಬ್ಬರ ರಾಶಿ ಹಾಕಿದವರ ಮರ, ಸಾವಯವವೇ ಆದರೂ, ಯೂರಿಯಾ ತಿಂದ ಮರದಂತೆಯೇ ವರ್ತಿಸಬಹುದು. ಅನಾನಸ್ ಲೆಕ್ಕ ಬೇರೆ: ಕೊಯ್ದ ಮೇಲೆ ಅದರ ಸಿಹಿ ಏರುವುದಿಲ್ಲ, ಗೊಬ್ಬರದಿಂದ ಆಗಬೇಕಾದದ್ದೆಲ್ಲ ಗಿಡದಲ್ಲೇ ಆಗಬೇಕು.

ಇನ್ನು ಕಪ್ಪು ಕಲೆ. ಬಾಳೆ, ಮಾವಿನ ಚಿಬ್ಬು ರೋಗದ ಶಿಲೀಂಧ್ರ ಕಾಯಿ ಹಸಿರಿರುವಾಗಲೇ, ಮಳೆಹನಿಯ ಜೊತೆ ಬಂದು ಸಿಪ್ಪೆಗೆ ಅಂಟಿಕೊಂಡು ಸುಮ್ಮನಿರುತ್ತದೆ. ಹಣ್ಣು ಮಾಗತೊಡಗಿದಾಗ ಎಚ್ಚರಗೊಳ್ಳುತ್ತದೆ. ಬುಡಕ್ಕೆ ಸುರಿದ ಸಗಣಿ ಅದನ್ನು ತಡೆಯುವುದಿಲ್ಲ. ಮಾವಿಗಾದರೆ ಕೊಯ್ದ ಕೂಡಲೇ ಸುಮಾರು 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಲ್ಲಿ ಕೆಲವು ನಿಮಿಷ ಅದ್ದುವುದು ಕೆಲಸ ಮಾಡುತ್ತದೆ, ಮರಕ್ಕೆ ಹಾಕಿದ್ದು ಸಗಣಿಯಾಗಿರಲಿ, ಯೂರಿಯಾ ಆಗಿರಲಿ.