ಪಿ.ಟಿ. ಬಿಡಿಸಿದಿರಿ, ದರೆ ಹತ್ತುವುದು?

ಹೃದಯದ ಸ್ನಾಯು ದಪ್ಪವಾಗಿರುವ ಮಗುವಿನ ಹೆತ್ತವರು ಮೊದಲು ಕೇಳುವುದು ಪಿ.ಟಿ. ಪೀರಿಯಡ್ಡಿಗೆ ವಿನಾಯ್ತಿ ಚೀಟಿ. ಚೀಟಿ ಶಾಲೆಗೆ ಹೋಗುತ್ತದೆ, ಮಗು ಕಟ್ಟೆ ಮೇಲೆ ಕೂರುತ್ತದೆ. ಅದೇ ಮಗು ಬೆಳಿಗ್ಗೆ ಅರ್ಧ ದೋಸೆ ತಿಂದು, ಭಾರದ ಬ್ಯಾಗು ಹೊತ್ತು, ತೋಟದಿಂದ ದರೆ (ಕಡಿದಾದ ಏರು) ಹತ್ತಿ, ಹಾರನ್ ಕೇಳಿದ ಕೂಡಲೇ ಬಸ್ಸಿಗೆ ಓಡಿರುತ್ತದೆ. ಅದನ್ನು ಯಾರೂ ವ್ಯಾಯಾಮದ ಲೆಕ್ಕಕ್ಕೆ ಹಿಡಿಯುವುದಿಲ್ಲ!

ದಪ್ಪ ಸ್ನಾಯು ಸಡಿಲಗೊಂಡು ರಕ್ತ ತುಂಬಿಕೊಳ್ಳಲು ಹೊತ್ತು ಬೇಕು. ದಿಢೀರನೆ ಓಡಿದರೆ ಬಡಿತ ಏರಿ ಆ ಹೊತ್ತೇ ಸಿಗದು. ಕೆಲವರಲ್ಲಿ ರಕ್ತ ಹೊರಡುವ ದಾರಿ ಇನ್ನೂ ಇಕ್ಕಟ್ಟಾಗುತ್ತದೆ, ತಾಳ ತಪ್ಪಬಹುದು. ಓಡಿ ಬಂದು ಗಕ್ಕನೆ ನಿಂತರೂ ಕಷ್ಟ: ರಕ್ತ ಕಾಲಲ್ಲೇ ಉಳಿದು ಬಿ.ಪಿ. ಇಳಿಯುತ್ತದೆ. ಅದಕ್ಕೇ ಆಟದ ಮೊದಲು 10 ನಿಮಿಷ, ಮುಗಿದ ಮೇಲೆ 10 ನಿಮಿಷ ನಿಧಾನದ ನಡಿಗೆ. ಬಸ್ಸಿಗೆ ಕಾಲು ಗಂಟೆ ಮುಂಚೆ ಹೊರಡಿಸಿ. ಬ್ಯಾಗನ್ನು ರಸ್ತೆಯ ತನಕ ದೊಡ್ಡವರು ಹೊರಲಿ.

ಎಷ್ಟು ಜೋರು ಆಡಬಹುದು? ವಾಚು ತೋರಿಸುವ ಬಡಿತದ ಅಂಕಿ ನೋಡಬೇಡಿ. ಬೀಟಾ ಬ್ಲಾಕರ್ ಮಾತ್ರೆ ಬಡಿತವನ್ನು ತಗ್ಗಿಸಿಟ್ಟಿರುವುದರಿಂದ ಆ ಅಂಕಿ ನಂಬುವಂತಿಲ್ಲ. ನಡೆಯುತ್ತಾ ಮಗ್ಗಿ ಹೇಳಿಸಿ. ‘ಏಳೆಂಟ್ಲ ಐವತ್ತಾರು’ ಒಂದೇ ಉಸಿರಿನಲ್ಲಿ ಬಂದರೆ ಸರಿ, ನಡುವೆ ತುಂಡಾದರೆ ಜೋರಾಯಿತು ಅಂತಲೇ. ಎಕೋ (ಹೃದಯದ ಸ್ಕ್ಯಾನ್), ಹೋಲ್ಟರ್ (ದಿನವಿಡೀ ಬಡಿತ ದಾಖಲಿಸುವ ಯಂತ್ರ), ಟ್ರೆಡ್‌ಮಿಲ್ ಪರೀಕ್ಷೆ ನೋಡಿ ವೈದ್ಯರು ಒಪ್ಪಿದರೆ ಸಮತಟ್ಟು ದಾರಿಯ ನಡಿಗೆ, ಸೈಕಲ್ಲು, ಪಾಯಿಂಟು ಎಣಿಸದ ಶಟಲ್ ಹೆಚ್ಚಿನ ಮಕ್ಕಳಿಗೆ ಒಳ್ಳೆಯದೇ. ಸುಸ್ತಾದಾಗ ಮಗು ತಾನೇ ನಿಲ್ಲಿಸಬಲ್ಲ ಆಟವಾಗಿರಬೇಕು. ಕಬಡ್ಡಿ, ರಿಲೇಯಲ್ಲಿ ತಂಡ ನಿಲ್ಲಲು ಬಿಡುವುದಿಲ್ಲ. ಉಸಿರು ಬಿಗಿಹಿಡಿದು ಅಡಿಕೆ ಮೂಟೆ ಎತ್ತುವುದೂ ಬೇಡ. ಹೊಳೆಯಲ್ಲಿ ಒಂಟಿ ಈಜಂತೂ ಬೇಡವೇ ಬೇಡ. ಜ್ವರ, ಭೇದಿ ಇದ್ದ ದಿನ ಆಟಕ್ಕೆ ರಜೆ.

ಪಕ್ಕದ ಮನೆ ಮಗುವಿನ ಚೀಟಿ ನಿಮ್ಮದಕ್ಕೆ ಆಗದು. ಹೃದಯ ಸ್ನಾಯುವಿನ ರೋಗದಲ್ಲೇ ತಾಳ ತಪ್ಪಿಸುವ ಇನ್ನೊಂದು ಬಗೆಯಿದೆ, ಅರಿದ್ಮೋಜೆನಿಕ್ ಅಂತ; ಅದರಲ್ಲಿ ಜೋರು ವ್ಯಾಯಾಮವೇ ರೋಗವನ್ನು ಬೆಳೆಸುತ್ತದೆ. ಸ್ನಾಯುವಿಗೆ ಉರಿಯೂತ ಬಂದಿದ್ದರೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಶ್ರಮದ ಆಟವಿಲ್ಲ.

ಓಡುವಾಗ ತಲೆಸುತ್ತಿ ಬಿದ್ದ ಮಗುವಿಗೆ ‘ಪಿತ್ತ’ ಎಂದು ಶರಬತ್ತು ಕುಡಿಸಿ ಮಲಗಿಸುವವರಿದ್ದಾರೆ, ದಯವಿಟ್ಟು ಬೇಡ; ಅವತ್ತೇ ಆಸ್ಪತ್ರೆಗೆ ಬನ್ನಿ. ಎಚ್ಚರವಿಲ್ಲ, ಉಸಿರೂ ಸರಿಯಿಲ್ಲ ಎಂದರೆ 108ಕ್ಕೆ ಫೋನು ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂ.ಮೀ. ಆಳಕ್ಕೆ ಒತ್ತಬೇಕು. ಘಟ್ಟದ ತಿರುವು ದಾಟಿ ಆಂಬುಲೆನ್ಸ್ ಬರುವ ತನಕ ಒತ್ತುವವರು ಪಿ.ಟಿ. ಮೇಷ್ಟ್ರೇ. ವಿನಾಯ್ತಿ ಚೀಟಿಯ ಜೊತೆ ಅವರಿಗೆ ಇದನ್ನೂ ಕಲಿಸಿಡಿ.