ಶಹಾಬಾದ್ ಕಲ್ಲಿನ ಅಡಿಯಲ್ಲಿ ಏನಿದೆ? ಕಡಲ ಏರಿಳಿತವನ್ನು ಪದರಗಳಲ್ಲಿ ಓದುವ ಬಗೆ

ಶಹಾಬಾದ್ ಕಲ್ಲು ಹಾಸಿದ ಅಡುಗೆಮನೆಯಲ್ಲಿ ನಿಂಬೆರಸ ಚೆಲ್ಲಿ ಹಾಗೇ ಬಿಟ್ಟರೆ ಆ ಜಾಗದ ಹೊಳಪು ಹೋಗಿ ಬಿಳಿಚಿದ ಕಲೆ ಉಳಿಯುತ್ತದೆ. ಅದು ಸುಣ್ಣಕಲ್ಲು, ಹುಳಿಗೆ ಕರಗುತ್ತದೆ. ಸುಣ್ಣದ ಕೆಸರು ಇಷ್ಟು ಶುದ್ಧವಾಗಿ ತಳಕ್ಕೆ ಕೂರಬೇಕಾದರೆ ಮರಳು, ಜೇಡಿ ಹೊತ್ತು ತರುವ ಹೊಳೆಗಳ ಬಾಯಿ ದೂರವಿರಬೇಕು. ಆದರೆ ಸುಣ್ಣಕಲ್ಲೊಂದನ್ನೇ ನೋಡಿ 'ಕಡಲು ಏರಿತು' ಎನ್ನಲಾಗದು. ಅದನ್ನು ಹೇಳುವುದು ಪದರಗಳ ಅನುಕ್ರಮ.

ಕಲಬುರಗಿ, ಯಾದಗಿರಿ ಭಾಗದ ಭೀಮಾ ಕಣಶಿಲೆಗಳನ್ನು (ಮರಳು, ಕೆಸರು ತಳಕ್ಕೆ ಕೂತು ಗಟ್ಟಿಯಾದ ಕಲ್ಲುಗಳನ್ನು) ತಳದಿಂದ ನೋಡಿ. ಬುಡದಲ್ಲಿ ಹಳೆಯ ಗಟ್ಟಿ ಬಂಡೆಗಳಾದ ನೈಸ್ ಮತ್ತು ಗ್ರಾನೈಟ್. ಅದರ ಸವೆದ ಮೈಮೇಲೆ ಉರುಟುಗಲ್ಲುಗಳು ಅಂಟಿಕೊಂಡ ಕಾಂಗ್ಲಾಮರೇಟ್, ಮರಳುಗಲ್ಲು, ನಂತರ ಹಸಿರು ಮತ್ತು ನೇರಳೆ ಶೇಲ್, ಎಂದರೆ ಜೇಡಿ ಗಟ್ಟಿಯಾದ ಪದರಗಲ್ಲು. ಅದರ ಮೇಲೆ ಶಹಾಬಾದ್ ಸುಣ್ಣಕಲ್ಲು. ದಡದ ಉರುಟುಗಲ್ಲಿನಿಂದ ದೂರದ ನೀರಿನ ಕೆಸರಿನವರೆಗೆ, ಕಡಲು ನೆಲದ ಮೇಲೆ ಸರಿದು ಬಂದ ದಾರಿ ಇದು. ಇಷ್ಟಕ್ಕೇ ಮುಗಿಯಲಿಲ್ಲ: ಮೇಲೆ ಮತ್ತೆ ಹಲ್ಕಲ್ ಶೇಲ್, ಆಮೇಲೆ ಕಟಮದೇವರಹಳ್ಳಿ ಸುಣ್ಣಕಲ್ಲು. ಎಂದರೆ ಜೇಡಿ ಮತ್ತೆ ಬಂತು, ಮತ್ತೆ ದೂರವಾಯಿತು.

ಇದರ ಹಿಂದಿನ ತತ್ತ್ವ ವಾಲ್ಥರ್ ನಿಯಮ. ಒಂದೇ ಕಾಲದಲ್ಲಿ ಅಕ್ಕಪಕ್ಕ ಇದ್ದ ಪರಿಸರಗಳು, ದಡ ಸರಿದಂತೆ, ಒಂದರ ಮೇಲೊಂದು ಬರುತ್ತವೆ. ಷರತ್ತು ಒಂದೇ: ನಡುವೆ ಸವೆತದಿಂದ ಪದರಗಳು ಕಳೆದುಹೋದ ತೆರವು ಇರಬಾರದು. ಪರೀಕ್ಷೆಯಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಈ ಷರತ್ತನ್ನೇ.

ಪದರಗಳನ್ನು ನೋಡಲು ಹೊರಗೆ ಹೋದಾಗ ಅವುಗಳ ದಾಖಲೆಯನ್ನು ಕೆಳಗಿನಿಂದ ಮೇಲಕ್ಕೇ ಬರೆಯಿರಿ. ದಪ್ಪವನ್ನು ಪದರಕ್ಕೆ ಲಂಬವಾಗಿ ಅಳೆಯಿರಿ, ಇಳಿಜಾರಿನ ಗುಂಟ ಅಳೆದರೆ ಹೆಚ್ಚು ಬರುತ್ತದೆ. 1:50 ಅಳತೆಯಲ್ಲಿ ಚಿತ್ರ ಬರೆದರೆ 1 ಮೀಟರಿಗೆ 2 ಸೆಂ.ಮೀ. ಮರಳು ಎಂದರೆ 0.063ರಿಂದ 2 ಮಿ.ಮೀ. ಅದಕ್ಕಿಂತ ಸಣ್ಣದಾದರೆ ಚೂರನ್ನು ಹಲ್ಲಿಗೆ ಉಜ್ಜಿ ನೋಡಿ: ಹೂಳು ಕರಕರ ಎನ್ನುತ್ತದೆ, ಜೇಡಿ ನುಣ್ಣಗೆ ಜಾರುತ್ತದೆ. ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿಗೆ ಸುಣ್ಣಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್ ಕೂಡಲೇ ನೊರೆಗಟ್ಟುತ್ತದೆ. ಮೆಗ್ನೀಸಿಯಂ ಬೆರೆತ ಡಾಲೊಮೈಟ್ ಅನ್ನು ಪುಡಿ ಮಾಡಿದರೆ ಮಾತ್ರ ನೊರೆ ಕಾಣುತ್ತದೆ. ಎರಡು ಪದರ ಕೂಡುವ ಗೆರೆ ನಯವಾಗಿ ಬದಲಾಗಿದೆಯೋ, ಕೊರೆದು ಕತ್ತರಿಸಿದೆಯೋ ಬರೆಯದಿದ್ದರೆ ಉಳಿದ ಶ್ರಮವೆಲ್ಲ ಅರ್ಧ.

ಮೋಸ ಹೋಗುವ ಜಾಗಗಳೂ ಇವೆ. ಮೇಲಕ್ಕೆ ಸಣ್ಣಗಾಗುವ ಮರಳು ಹೊಳೆಯ ತಿರುವಿನಲ್ಲೂ ಆಗುತ್ತದೆ. ಕಡಲ ತಳದಲ್ಲಿ ಹುಟ್ಟುವ ಹಸಿರು ಖನಿಜ ಗ್ಲಾಕೊನೈಟ್‌ನ ಕಣ ಸಿಕ್ಕರೆ ಕಡಲು ಎನ್ನಲು ಆಧಾರ ಗಟ್ಟಿ. ಇನ್ನು, ಕಡಲು ಏರಿತೋ, ನೆಲ ಕುಸಿಯಿತೋ? ಒಂದೇ ಜಲಾನಯನದಿಂದ ಬೇರ್ಪಡಿಸುವುದು ಕಷ್ಟ, 'ಸಾಪೇಕ್ಷ ಏರಿಕೆ' (ನೆಲಕ್ಕೆ ಹೋಲಿಸಿದ ಏರಿಕೆ) ಎಂದಷ್ಟೇ ಬರೆಯುವುದು ಸರಿ. ಸುಮಾರು 20,000 ವರ್ಷದ ಹಿಂದೆ ಹಿಮ ನೀರನ್ನು ಹಿಡಿದಿಟ್ಟು ಜಗತ್ತಿನ ಕಡಲನ್ನೇ ಸುಮಾರು 120 ಮೀಟರ್ ಇಳಿಸಿತ್ತು. ಅಂಥದ್ದನ್ನು ಹೇಳಬೇಕಾದರೆ ದೂರದ ಖಂಡಗಳ ಪದರಗಳೂ ಹೊಂದಬೇಕು.

ಹವಾಮಾನಕ್ಕೆ ಭೀಮಾ ಅಷ್ಟು ಮಾತಾಡುವುದಿಲ್ಲ. ಅದಕ್ಕೆ ಒಡಿಶಾದ ತಾಲ್ಚೇರ್ ನೋಡಿ: ಬುಡದಲ್ಲಿ ಹಿಮನದಿ ಉಜ್ಜಿ ಗೀರಿದ ಬಂಡೆಗಳು, ಮೇಲೆ ಗೊಂಡ್ವಾನ ಕಲ್ಲಿದ್ದಲು. ಚಳಿಯಿಂದ ಜೌಗು ಕಾಡಿಗೆ ಬದಲಾದ ಪುರಾವೆ ಕಣ್ಣಿಗೇ ಕಾಣುತ್ತದೆ. ಹಳೆಯ ಸುಣ್ಣಕಲ್ಲಿನ ಆಮ್ಲಜನಕ ಐಸೋಟೋಪನ್ನು (ಬೇರೆ ಬೇರೆ ತೂಕದ ಆಮ್ಲಜನಕ ಪರಮಾಣುಗಳ ಅನುಪಾತವನ್ನು) ನೇರವಾಗಿ ಉಷ್ಣಾಂಶಕ್ಕೆ ಪರಿವರ್ತಿಸಬೇಡಿ. ಹೂತ ಮೇಲೆ ಒಳಹರಿದ ನೀರು ಅದನ್ನು ತಿದ್ದಿರುತ್ತದೆ. ಮ್ಯಾಂಗನೀಸ್-ಸ್ಟ್ರಾನ್ಷಿಯಂ ಅನುಪಾತ ಹೆಚ್ಚಿರುವುದು ಇಂಥ ತಿದ್ದುಪಡಿಯ ಗುರುತು, ಆ ಮಾದರಿಯನ್ನು ಬದಿಗಿಡಿ.